ಎಂಟಡಿ ಬೆಂಚು

ಆ ದಿನದ ಫಜೀತಿಗೆಲ್ಲ ಮೂಲ ಒಂದು ಬೆಂಚು. ಬಸ್ ನಿಲ್ದಾಣದಲ್ಲಿ ಹಾಕಿರುತ್ತಾರಲ್ಲ, ಕಬ್ಬಿಣದ ಕಾಲು, ಮರದ ಹಲಗೆ, ಅಂಥದ್ದು. ಉದ್ದ ಎಂಟಡಿ. ಅದೇನಾದರೂ ನಾಲ್ಕಡಿಯದಾಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಕತ್ತರಿರಾಯರು ಎಂದಿನಂತೆ ಕೆಲಸ ಮುಗಿಸಿ, ಮನೆಗೆ ಹೋಗಿ, ಸಕ್ಕರೆಯಿಲ್ಲದ ಟೀ ಕುಡಿದು ಸುಮ್ಮನಿರುತ್ತಿದ್ದರು.

ಕತ್ತರಿರಾಯರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಸಿನಿಮಾ ಸಂಕಲನಕಾರರು. ಕ್ಯಾಮೆರಾದವರು ತಂದು ಸುರಿದ ಗಂಟೆಗಟ್ಟಲೆ ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಎರಡೂವರೆ ಗಂಟೆಯ ಸಿನಿಮಾ ಮಾಡಿಕೊಡುವುದು ಅವರ ಕಸುಬು. ಕೈಯಲ್ಲಿ ನಿಜವಾದ ಕತ್ತರಿಯಿದ್ದ ಕಾಲದಲ್ಲಿ ಅಂಟಿಕೊಂಡ ಹೆಸರು ಕಂಪ್ಯೂಟರ್ ಬಂದ ಮೇಲೂ ಬಿಡಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವರ ಪಾಲಿಗೆ ಬಂದದ್ದೆಲ್ಲ ಪ್ರೇಮಚಿತ್ರಗಳೇ. ಎಷ್ಟು ಜೋಡಿಗಳನ್ನು ಸೇರಿಸಿದ್ದಾರೋ ಅವರಿಗೇ ನೆನಪಿಲ್ಲ. ಆದರೆ ಕತ್ತರಿ ಹಿಡಿದವರಿಗೆ ಇರಬಾರದ ಒಂದು ಗುಣ ಅವರಿಗಿತ್ತು, ಮೆತ್ತನೆಯ ಮನಸ್ಸು. ಯಾರು ಏನು ಮಾಡಿದರೂ "ದೊಡ್ಡ ಉಪಕಾರ ಆಯ್ತು" ಎನ್ನುವವರು. ಕಾಲು ತುಳಿದವನು ಕಾಲು ತೆಗೆದರೆ ಅವನಿಗೂ ಅದನ್ನೇ ಹೇಳುವವರು.

ಹೆಂಡತಿಗಂತೂ ಅವರು ಮೂರು ತಿಂಗಳಿಂದ ದಿನಕ್ಕೆ ಹತ್ತು ಸಲ ಉಪಕಾರ ಹೇಳುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಸಕ್ಕರೆ ವಿಪರೀತ ಬಂದಿತ್ತು. ಬರಿಹೊಟ್ಟೆಯಲ್ಲಿ ಕೊಟ್ಟ ರಕ್ತ ಪರವಾಗಿಲ್ಲ ಎನ್ನುವಂತಿತ್ತು; ತಿಂಡಿಯಾಗಿ ಎರಡು ಗಂಟೆಯ ಮೇಲೆ ಕೊಟ್ಟದ್ದು ಮಾತ್ರ ಡಾಕ್ಟರ ಹುಬ್ಬನ್ನು ನೆತ್ತಿಗೇರಿಸಿತ್ತು. ಆ ತಿಂಡಿ ಮಾಡಿ ಡಬ್ಬಿಗೆ ಹಾಕಿಕೊಟ್ಟವಳು ಹೆಂಡತಿ. ಎಲ್ಲ ನನ್ನ ಕೈಯಡುಗೆಯ ದೋಷ ಎಂದು ಆಕೆ ಎರಡು ದಿನ ಕೊರಗಿದಳು. ಮೂರನೆಯ ದಿನ ಮನೆಯಿಂದ ಸಕ್ಕರೆ ಡಬ್ಬಿಯೇ ಹೊರಗೆ ಹೋಯಿತು. ನೀವೊಬ್ಬರೇ ಸಪ್ಪೆ ಕುಡಿಯುವುದು ಬೇಡ ಎಂದು ತಾನೂ ಸಕ್ಕರೆ ಬಿಟ್ಟಳು. ಕಪ್ಪಿಗೆ ಎರಡು ಚಮಚ ಹಾಕಿಕೊಂಡು, ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದ ಹೆಂಗಸು ಆಕೆ. ಈಗ ಸಪ್ಪೆ ಟೀಯನ್ನು ಕಷಾಯದಂತೆ ಕಣ್ಣುಮುಚ್ಚಿ ಕುಡಿಯುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ರಾಯರು ತಲೆ ತಗ್ಗಿಸಿ ಮಾತು ಬದಲಿಸುತ್ತಿದ್ದರು.

ಈಗ ಬೆಂಚಿನ ವಿಷಯ. ಹೊಸ ಚಿತ್ರದಲ್ಲಿ ಒಂದು ದೃಶ್ಯವಿತ್ತು. ಹುಡುಗ ಬೆಂಚಿನ ಈ ತುದಿ, ಹುಡುಗಿ ಆ ತುದಿ. ಇಬ್ಬರಿಗೂ ಒಂದೇ ಬಸ್ಸು ಬೇಕು. ನಡುವೆ ಯಾರೋ ಬಿಟ್ಟುಹೋದ ಒಂದು ದಿನಪತ್ರಿಕೆ. ಗಾಳಿಗೆ ಅದು ಹಾರಲು ನೋಡುತ್ತದೆ. ಹುಡುಗ ಅದನ್ನು ಒತ್ತಿ ಹಿಡಿದು, ಒಂದು ಗೇಣು ಆಕೆಯ ಕಡೆ ಸರಿಸುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ಒಂದು ಗೇಣು ಇತ್ತ ಸರಿಸುತ್ತಾಳೆ. ಬಸ್ಸು ಬರುತ್ತದೆ. ಅಷ್ಟೇ. ಮಾತಿಲ್ಲ, ಹಾಡಿಲ್ಲ, ಒಟ್ಟು ಮೂರು ನಿಮಿಷ ಹತ್ತು ಸೆಕೆಂಡು.

ರಾಯರು ಆ ದೃಶ್ಯವನ್ನು ಎರಡು ತಿಂಗಳು ಮಗುವಿನಂತೆ ಸಾಕಿದ್ದರು. ಹುಡುಗಿಯ ರೆಪ್ಪೆ ಎಲ್ಲಿ ಬಡಿಯಬೇಕು, ಪತ್ರಿಕೆಯ ಮೂಲೆ ಎಲ್ಲಿ ಮಡಚಬೇಕು ಎಂಬುದಕ್ಕೆ ಎರಡು ಸಾವಿರ ಸಲ ನೋಡಿದ್ದರು. ಕಾರಣವೂ ಇತ್ತು. ಮೂವತ್ತು ವರ್ಷದ ಹಿಂದೆ ಅವರೂ ಹಾಗೆಯೇ ಒಂದು ಬೆಂಚಿನ ತುದಿಯಲ್ಲಿ ನಲವತ್ತು ದಿನ ಕೂತಿದ್ದರು. ಇನ್ನೊಂದು ತುದಿಯಲ್ಲಿ ಕೂತಿದ್ದವಳೇ ಈಗ ಸಕ್ಕರೆ ಡಬ್ಬಿ ಹೊರಗೆ ಹಾಕಿದವಳು.

ಬೆಳಿಗ್ಗೆ ಹತ್ತಕ್ಕೆ ನಿರ್ಮಾಪಕರಿಂದ ಕರೆ ಬಂತು. ರಾಯರ ಸಂಕಲನ ಕೋಣೆಯಿದ್ದದ್ದು ಎರಡನೆಯ ಮಹಡಿಯಲ್ಲಿ, ನಿರ್ಮಾಪಕರ ಆಫೀಸು ಒಂದನೆಯದರಲ್ಲಿ. ಆದರೂ ಅವರು ಫೋನಿನಲ್ಲೇ ಕರೆಯುವರು, ಫೋನಿನಲ್ಲೇ ಬೈಯುವರು. ಕೆಟ್ಟ ಮನುಷ್ಯರಲ್ಲ. ಥಿಯೇಟರುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ರಾಯರನ್ನು ಕೈಬಿಡದೆ ಕೆಲಸ ಕೊಟ್ಟವರು ಅವರೇ. ಅದನ್ನು ರಾಯರು ಒಂದು ದಿನವೂ ಮರೆತವರಲ್ಲ.

ನಿರ್ಮಾಪಕರು ತಮ್ಮ ಫೋನನ್ನು ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ ನಿಲ್ಲಿಸಿದ್ದರು. ಹಿಂದಿನ ದಿನ ಅವರು ಚಿತ್ರವನ್ನು ಅತ್ತೆಮನೆಯ ಹನ್ನೊಂದು ಜನಕ್ಕೆ ಅವರವರ ಫೋನಿನಲ್ಲಿ ತೋರಿಸಿದ್ದರಂತೆ. ಬೆಂಚು ಬಂದ ಕೂಡಲೇ ಹನ್ನೊಂದು ಹೆಬ್ಬೆರಳುಗಳೂ ಒಟ್ಟಿಗೆ ಎದ್ದು ದೃಶ್ಯವನ್ನು ಹಾರಿಸಿಬಿಟ್ಟವಂತೆ. ಅತ್ತೆಯವರದೇ ಮೊದಲಂತೆ.

"ನೋಡಿ ರಾಯರೇ, ಜನ ಫೋನನ್ನ ನಿಲ್ಲಿಸ್ಕೊಂಡು ನೋಡ್ತಾರೆ. ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡಿರೋನು ಫೋನನ್ನ ಅಡ್ಡ ಹೇಗೆ ಹಿಡೀತಾನೆ ಹೇಳಿ. ನಿಂತಿರೋ ಪರದೇಲಿ ನಿಮ್ಮ ಬೆಂಚಿನ ಈ ತುದಿ ಇದ್ರೆ ಆ ತುದಿ ಇಲ್ಲ. ಇಬ್ರನ್ನೂ ತೂರಿಸಿದ್ರೆ ಇರುವೆ ಥರ ಕಾಣ್ತಾರೆ."

ಕಾಲ ಬದಲಾಗಿದೆ ಎಂದು ಅವರು ವಿವರಿಸಿದರು. ಮೊದಲು ನಾಯಕ ನಾಯಕಿ ಮರ ಸುತ್ತುತ್ತಿದ್ದರು; ನಿಂತ ಪರದೆಯಲ್ಲಿ ಮರವೊಂದೇ ಹಿಡಿಸುತ್ತದೆ. ಮೊದಲು ಮಧ್ಯಂತರದ ಹೊತ್ತಿಗೆ ಕಣ್ಣು ಕೂಡುತ್ತಿತ್ತು. ಈಗ ಹತ್ತನೆಯ ಸೆಕೆಂಡಿಗೆ ಕೂಡದಿದ್ದರೆ ನೋಡುವವನು ಬೇರೆ ಜೋಡಿಯ ಹತ್ತಿರ ಹೋಗಿರುತ್ತಾನೆ. ಅದಕ್ಕೇ ಈಗಿನ ಪ್ರೇಮಿಗಳೆಲ್ಲ ಮೆಟ್ಟಿಲ ಮೇಲೇ ಭೇಟಿಯಾಗುತ್ತಾರೆ, ಒಬ್ಬರು ಮೇಲೆ, ಒಬ್ಬರು ಕೆಳಗೆ. ಆದ್ದರಿಂದ ಹುಡುಗನ ಮುಖ ಹತ್ತು ಸೆಕೆಂಡು, ಹುಡುಗಿಯ ಮುಖ ಹತ್ತು ಸೆಕೆಂಡು ಇಟ್ಟು, ಎಡಬಲದ್ದೆಲ್ಲ ಕತ್ತರಿಸಿ, ಬೆಂಚನ್ನು ಮುಗಿಸಿಬಿಡಬೇಕು. ಇಲ್ಲವೇ ಕಂಪ್ಯೂಟರಿನಲ್ಲಿ ಇಬ್ಬರನ್ನೂ ಒತ್ತಿ ಪಕ್ಕಪಕ್ಕ ಕೂರಿಸಬೇಕು.

ರಾಯರು ಒಪ್ಪಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವರು ನಿರ್ಮಾಪಕರಿಗೆ ಎದುರಾಡಿದ್ದು ಅದೇ ಮೊದಲು. "ಹತ್ತಿರ ಕೂರಿಸಿದ್ರೆ ಏನೂ ಉಳಿಯಲ್ಲ ಸರ್. ಪ್ರೇಮ ಇರೋದು ನಡುವಿನ ಜಾಗದಲ್ಲಿ."

ನಿರ್ಮಾಪಕರು ಬಾಟಲಿಗೆ ಒರಗಿದ್ದ ಫೋನನ್ನು ಕೈಗೆತ್ತಿಕೊಂಡರು. ಆಮೇಲೆ ಒಂದು ಪಂದ್ಯ ಕಟ್ಟಿದರು. ದೃಶ್ಯ ರಾಯರ ಫೋನಿನಲ್ಲಿರಲಿ, ಅಡ್ಡಡ್ಡ, ಎಂಟಡಿಗೆ ಎಂಟಡಿಯೂ. ಮಧ್ಯಾಹ್ನ ಮೂರರೊಳಗೆ ಮೂರು ಕಡೆ ಅದನ್ನು ಮೊದಲಿಂದ ಕೊನೆತನಕ, ಹೆಬ್ಬೆರಳು ಅಲುಗಿಸದೆ ನೋಡಿಸಬೇಕು. ನೋಡುವಷ್ಟು ಹೊತ್ತೂ ನಿರ್ಮಾಪಕರ ಫೋನಿನಲ್ಲಿ ಒಂದು ಹಸಿರು ಗೆರೆ ಓಡುತ್ತಿರುತ್ತದೆ; ಯಾರಾದರೂ ಹಾರಿಸಿದರೆ, ನಿಲ್ಲಿಸಿದರೆ ಗೆರೆ ತುಂಡಾಗುತ್ತದೆ. ಮೂರು ಗೆರೆ ಪೂರ್ತಿಯಾದರೆ ಬೆಂಚು ಉಳಿಯುತ್ತದೆ. ಇಲ್ಲದಿದ್ದರೆ ರಾಯರೇ ತಮ್ಮ ಕೈಯಾರೆ ಕತ್ತರಿ ಹಾಕಬೇಕು. ದೊಡ್ಡ ಉಪಕಾರ ಆಯ್ತು ಎಂದು ರಾಯರು ಮೆಟ್ಟಿಲಿಳಿದರು.

ನೆಲಮಹಡಿಯಲ್ಲಿ ಟೈಲರಮ್ಮನ ಅಂಗಡಿ. ಆಕೆ ದಿನಕ್ಕೆ ಎರಡು ಪ್ರೇಮಚಿತ್ರ ಮುಗಿಸುವವಳು ಎಂಬುದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ರಾಯರು ಸಂಗತಿ ಹೇಳಿದ್ದೇ ತಡ, ಆಕೆ ಫೋನನ್ನು ದಾರದುಂಡೆಗಳ ಡಬ್ಬಿಗೆ ಒರಗಿಸಿಕೊಂಡು ಕಾಲು ಮಿಷನ್ನಿನ ಮೇಲಿಟ್ಟಳು. ರಾಯರಿಗೆ ತಿಳಿಯದ ಸಂಗತಿ ಏನೆಂದರೆ, ಆಕೆ ಸಿನಿಮಾ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಕಣ್ಣು ಹೊಲಿಗೆಯ ಮೇಲೆ, ಕಿವಿ ಪ್ರೇಮದ ಮೇಲೆ. ಇಪ್ಪತ್ತು ಸೆಕೆಂಡು ಮಾತೇ ಬರಲಿಲ್ಲ. ಫೋನ್ ಸತ್ತಿತು ಎಂದುಕೊಂಡು ಆಕೆ ಬೆರಳಿಂದ ಎರಡು ಸಲ ಕುಟ್ಟಿದಳು. ಮೇಲಿನ ಮಹಡಿಯಲ್ಲಿ ಹಸಿರು ಗೆರೆ ತುಂಡಾಯಿತು.

ತಪ್ಪು ತಿಳಿದು ಆಕೆ ಬಹಳ ನೊಂದುಕೊಂಡಳು. ಮಿಷನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು. ಈ ಸಲ ಒಂದು ನಿಮಿಷ ಸುಸೂತ್ರ ನಡೆಯಿತು. ಆಮೇಲೆ ಆಕೆಯ ಎರಡು ಬೆರಳು ತಾವಾಗಿಯೇ ಪರದೆಯ ಮೇಲೆ ಹೋಗಿ, ಚಿತ್ರವನ್ನು ನಿಲ್ಲಿಸಿ, ಹುಡುಗಿಯ ತೋಳನ್ನು ಹಿಗ್ಗಿಸಿ ಅಂಗೈಯಗಲ ಮಾಡಿದವು. ತೋಳು ಭುಜಕ್ಕೆ ಸೇರುವ ಕೂಡು ತಪ್ಪಿದೆ, ಕಂಕುಳಲ್ಲಿ ಸುಕ್ಕು ಬಂದಿದೆ, ಹೊಲಿದವರು ಯಾರು ಎಂದು ಕೇಳಿದಳು. ಥಿಯೇಟರಿನಲ್ಲಿ ಇಷ್ಟು ದೊಡ್ಡ ಪರದೆಯಿದ್ದರೂ ಇದೆಲ್ಲ ಕಾಣುತ್ತಿರಲಿಲ್ಲ, ಫೋನು ಬಂದಮೇಲೆ ಯಾರೂ ಏನನ್ನೂ ಮುಚ್ಚಿಡುವ ಹಾಗಿಲ್ಲ ಎಂದು ಸಂತೋಷಪಟ್ಟಳು. ಪಕ್ಕದ ಬೀದಿಯ ಗೃಹಿಣಿಯರೂ ಹಾಗೆಯೇ ಹಿಗ್ಗಿಸಿ ನೋಡಿ, ನಾಯಕಿಯ ಮನೆಯ ಪರದೆ, ನಾಯಕನ ಮನೆಯ ಟೈಲ್ಸು ಎಲ್ಲ ತಮ್ಮ ಮನೆಗೆ ಹಾಕಿಸಿಕೊಂಡಿದ್ದರಂತೆ. ರಾಯರು ಉಪಕಾರ ಹೇಳಿ ಫೋನು ಕಸಿದುಕೊಂಡರು.

ಎದುರಿಗೆ ಸಲೂನು. ಅಲ್ಲಿ ಅದೃಷ್ಟ ಕಾದಿತ್ತು. ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರು ಕತ್ತಿನ ತನಕ ಬಿಳಿ ಬಟ್ಟೆ ಹೊದ್ದು, ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಒರಗಿದ್ದ. ಕೈಗಳೆರಡೂ ಬಟ್ಟೆಯೊಳಗೆ. ಸಲೂನಿನವನು ರಾಯರ ಕಷ್ಟ ಕೇಳಿ ಕರಗಿದ. ಫೋನನ್ನು ಕನ್ನಡಿಗೆ ಒರಗಿಸಿ, ಡ್ರೈವರನ ತಲೆಯನ್ನು ಅತ್ತ ತಿರುಗಿಸಿ, ಕತ್ತಿಯನ್ನು ಗಂಟಲ ಹತ್ತಿರ ಇಟ್ಟ.

ಪ್ರೇಮದೃಶ್ಯವೊಂದನ್ನು ಇಷ್ಟು ಏಕಾಗ್ರತೆಯಿಂದ ನೋಡಿದ ಪ್ರೇಕ್ಷಕ ಇನ್ನೊಬ್ಬನಿರಲಾರ. ಮೂರು ನಿಮಿಷ ಹತ್ತು ಸೆಕೆಂಡೂ ಅವನು ರೆಪ್ಪೆ ಬಿಟ್ಟು ಬೇರೇನನ್ನೂ ಅಲುಗಿಸಲಿಲ್ಲ. ಹಸಿರು ಗೆರೆ ಪೂರ್ತಿಯಾಯಿತು; "ಒಂದು" ಎಂದು ನಿರ್ಮಾಪಕರ ಸಂದೇಶ ಬಂತು. ದೃಶ್ಯ ಹೇಗಿತ್ತು ಎಂದು ರಾಯರು ಆಸೆಯಿಂದ ಕೇಳಿದಾಗ, ಆ ದಾರಿಯ ಬಸ್ಸು ಅಷ್ಟು ತಡವಾಗಿ ಬಂದರೆ ಜನ ಗಲಾಟೆ ಮಾಡಬೇಕು, ಆ ಇಬ್ಬರು ಪಾಪದವರು ಎಂದು ಅವನು ಹೇಳಿದ. ರಾಯರು ಬಟ್ಟೆಯೊಳಗಿನ ಅವನ ಕೈಯನ್ನು ಹುಡುಕಿ ಹಿಡಿದು ಕುಲುಕಿದರು.

ಮುಂದಿನವರು ಕಟ್ಟಡದ ಮಾಲೀಕರು, ನಿವೃತ್ತ ಗಣಿತದ ಮೇಷ್ಟ್ರು. ಅವರನ್ನು ಕೇಳುವ ಮನಸ್ಸು ರಾಯರಿಗಿರಲಿಲ್ಲ. ಆದರೆ ಮೆಟ್ಟಿಲ ಬಳಿ ಅವರೇ ತಡೆದು, ಊರವರಿಗೆಲ್ಲ ತೋರಿಸುತ್ತೀರಿ, ನಾನು ಕಣ್ಣಿಗೆ ಕಾಣಲಿಲ್ಲವೇ ಎಂದು ಆಕ್ಷೇಪಿಸಿ ಫೋನು ತೆಗೆದುಕೊಂಡರು. ಅವರು ಏನನ್ನೇ ನೋಡಿದರೂ ಎರಡು ಪಟ್ಟು ವೇಗದಲ್ಲಿ ನೋಡುವವರು. ಉಳಿದ ಆಯುಷ್ಯ ಕಡಿಮೆ, ನೋಡಬೇಕಾದ್ದು ಹೆಚ್ಚು ಎಂಬುದು ಅವರ ಲೆಕ್ಕಾಚಾರ. ವೇಗ ಏರಿಸಿದ ಕೂಡಲೇ ಆ ಹುಡುಗ ಹುಡುಗಿ ಜ್ವರ ಬಂದವರಂತೆ ನಡುಗುತ್ತ ಪತ್ರಿಕೆಯನ್ನು ಅತ್ತ ಇತ್ತ ಎಳೆದಾಡಿದರು. ಪತ್ರಿಕೆಗಾಗಿ ಜಗಳ, ಕೊನೆಗೆ ಯಾರಿಗೆ ಸಿಕ್ಕಿತು ಎಂದು ಮೇಷ್ಟ್ರು ಕೇಳಿದರು.

ರಾಯರು ಕೈಮುಗಿದು, ಒಂದೇ ಒಂದು ಸಲ ಮಾಮೂಲಿ ವೇಗದಲ್ಲಿ ನೋಡಿ ಎಂದು ಬೇಡಿಕೊಂಡರು. ಮೇಷ್ಟ್ರು ಒಪ್ಪಿದರು. ಒಂದು ನಿಮಿಷವಾಯಿತು, ಎರಡಾಯಿತು. ಅವರ ಮುಖ ನಿಧಾನವಾಗಿ ಸಡಿಲಾಗತೊಡಗಿತು. ತುಟಿಯ ಮೇಲೆ ಎಂದೋ ಮರೆತಿದ್ದ ಒಂದು ನಗು ಬಂತು. ಎರಡು ನಿಮಿಷ ಐವತ್ತು ಸೆಕೆಂಡು. ಆಗ ಫೋನು ರಿಂಗಾಯಿತು. ಪರದೆಯ ತುಂಬ ರಾಯರ ಹೆಂಡತಿಯ ಮುಖ. ಹಸಿರು ಗೆರೆ ತುಂಡಾಯಿತು.

ಆಕೆ ಕೆಲಸ ಮಾಡುತ್ತಿದ್ದದ್ದು ಕನ್ನಡಕದಂಗಡಿಯಲ್ಲಿ. ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲನ್ನು ಬಾಗಿಲ ಹೊರಗೆ ನಿಂತು ಓದುವಷ್ಟು ಚುರುಕು ಕಣ್ಣು ಆಕೆಯದು. ಬೆಳಿಗ್ಗೆ ರಾಯರು ಊಟದ ಡಬ್ಬಿ ಮರೆತು ಹೋಗಿದ್ದಾರೆ, ತಾನು ಮಧ್ಯಾಹ್ನ ಬೇಗ ಹೊರಟು ತಂದುಕೊಡುತ್ತೇನೆ, ಅಲ್ಲಿಯತನಕ ಹೊರಗೆ ಏನೂ ತಿನ್ನಕೂಡದು ಎಂದಳು. ದೊಡ್ಡ ಉಪಕಾರ ಆಯ್ತು ಎಂದರು ರಾಯರು. ಅಷ್ಟರಲ್ಲಿ ಮೇಷ್ಟ್ರು, ಇನ್ನೊಂದು ಸಲ ಮೊದಲಿಂದ ನೋಡುವಷ್ಟು ಆಯುಷ್ಯ ತಮಗಿಲ್ಲ ಎಂದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಗಂಟೆ ಒಂದೂವರೆ. ಆಮೇಲೆ ಸಿಕ್ಕವರೆಲ್ಲರೂ ಒಬ್ಬರಿಗಿಂತ ಒಬ್ಬರು ಘನವಾದವರು. ಅಂಚೆಯವಳು ನೋಡುತ್ತ ನೋಡುತ್ತ ಅಭ್ಯಾಸಬಲದಿಂದ ಬೆರಳಾಡಿಸಿ, ರಾಯರ ಅಣ್ಣನಿಗೆ ನಾಲ್ಕು ಹೂವಿನ ಚಿತ್ರ ಕಳಿಸಿಬಿಟ್ಟಳು. ಲಿಫ್ಟ್ ರಿಪೇರಿಯವನು ಕೊನೆ ಏನಾಗುತ್ತದೆಂದು ಮೊದಲು ನೋಡಿ, ಆಮೇಲೆ ಮೊದಲಿಂದ ನೋಡುತ್ತೇನೆ ಎಂದ. ಇಬ್ಬರಿಗೂ ಉಪಕಾರ ಹೇಳಿ ರಾಯರು ಕಾಲೆಳೆದುಕೊಂಡು ರಸ್ತೆಯಾಚೆಯ ಬಸ್ ನಿಲ್ದಾಣಕ್ಕೆ ಹೋದರು.

ಅಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಬೆಂಚಿನ ಮೇಲೆ ಪಕ್ಕಪಕ್ಕ ಕೂತು, ತಂತಮ್ಮ ಫೋನಿನಲ್ಲಿ ಮುಳುಗಿದ್ದರು. ರಾಯರು ಸಂಕೋಚದಿಂದಲೇ ಕೇಳಿದರು. ಅವರು ನಕ್ಕು, ತಮ್ಮ ಫೋನುಗಳನ್ನು ಜೇಬಿಗೆ ಹಾಕಿಕೊಂಡು, ರಾಯರದನ್ನು ಇಬ್ಬರ ನಡುವೆ ಹಿಡಿದುಕೊಂಡರು. ಪರದೆ ಚಿಕ್ಕದು. ಇಬ್ಬರಿಗೂ ಕಾಣಬೇಕೆಂದರೆ ತಲೆಗೆ ತಲೆ ತಾಗಲೇಬೇಕು. ತಾಗಿತು.

ರಾಯರು ಅದನ್ನೇ ನೋಡುತ್ತ ನಿಂತರು. ಥಿಯೇಟರಿನ ಕಾಲದಲ್ಲಿ ಇಂಥ ಜೋಡಿಗಳು ನಡುವೆ ಕುರ್ಚಿಯ ಕೈ ಇಟ್ಟುಕೊಂಡು ಕತ್ತಲಲ್ಲಿ ಕೂರುತ್ತಿದ್ದರು. ಪರದೆಯ ಮೇಲೆ ಪ್ರೇಮ, ಕೆಳಗೆ ಬಿಗುಮಾನ. ಈಗ ಪರದೆ ಅಂಗೈಯಷ್ಟಾಗಿ ನೋಡುವವರ ತಲೆಗಳು ಕೂಡುತ್ತಿವೆ. ಬೆಳಿಗ್ಗೆಯಿಂದ ಫೋನಿಗೆ ಶಾಪ ಹಾಕಿದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಆ ಮೂರು ನಿಮಿಷದಲ್ಲಿ ಹುಡುಗ ನೋಡಿದ್ದು ಹುಡುಗಿಯ ಕಿವಿಯನ್ನು, ಹುಡುಗಿ ನೋಡಿದ್ದು ಹುಡುಗನ ಕಿರುಬೆರಳನ್ನು. ಪರದೆಯನ್ನು ಇಬ್ಬರೂ ನೋಡಲಿಲ್ಲ. ಆದರೆ ಹೆಬ್ಬೆರಳು ಮಾತ್ರ ಕಲ್ಲಿನಂತಿತ್ತು. "ಎರಡು" ಎಂದು ಸಂದೇಶ ಬಂತು. ರಾಯರಿಗೆ ಕಣ್ಣು ತುಂಬಿತು. ಉಪಕಾರ ಎಂದದ್ದು ಆ ಜೋಡಿಗೆ ಕೇಳಿಸಲೇ ಇಲ್ಲ.

ಎರಡೂವರೆಗೆ ಅವರು ತಮ್ಮ ಕೋಣೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಕೇಳದೆ ಬಿಟ್ಟವರು ಯಾರೂ ಉಳಿದಿರಲಿಲ್ಲ. ಆಗ ಹೆಂಡತಿ ಡಬ್ಬಿ ಹಿಡಿದು ಬಂದಳು.

ಆಕೆಯನ್ನು ಕೇಳಬಹುದೆಂದು ರಾಯರಿಗೆ ಹೊಳೆದಿರಲೇ ಇಲ್ಲ. ಆಕೆ ಗಂಡನ ಸಿನಿಮಾ ನೋಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಜೊತೆಗೆ ಕೂತರೆ ರಾಯರು ಪ್ರತಿ ಕತ್ತರಿಗೂ ಒಂದೊಂದು ವಿವರಣೆ ಕೊಡುತ್ತಿದ್ದರು. ನಾಯಕಿ ಸಾಯುವಾಗಲೂ ಬಿಟ್ಟಿರಲಿಲ್ಲ. ಈಗ ಬೇರೆ ದಾರಿಯಿಲ್ಲದೆ ಬೆಂಚಿನ ಕತೆಯನ್ನು, ಪಂದ್ಯವನ್ನು, ಮೂವತ್ತು ವರ್ಷದ ಹಿಂದಿನ ನಲವತ್ತು ದಿನಗಳನ್ನು ಒಂದೇ ಉಸಿರಿಗೆ ಹೇಳಿದರು. ನಿರ್ಮಾಪಕರಿಗೆ ಹೇಳಿದ್ದನ್ನೂ ಹೇಳಿದರು, ಪ್ರೇಮ ಇರೋದು ನಡುವಿನ ಜಾಗದಲ್ಲಿ ಅಂತ. ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸೆರಗಿನಿಂದ ಪರದೆ ಒರೆಸಿ, ಫೋನನ್ನು ಅಡ್ಡ ಹಿಡಿದುಕೊಂಡು ಕೂತಳು.

ರಾಯರು ಉಸಿರು ಬಿಗಿಹಿಡಿದು ಆಕೆಯ ಹೆಬ್ಬೆರಳನ್ನೇ ನೋಡಿದರು. ಅದು ಅಲುಗಲಿಲ್ಲ. ಪತ್ರಿಕೆ ಸರಿಯಿತು, ಬಸ್ಸು ಬಂತು, ಮುಗಿಯಿತು. ಆಕೆ ಮತ್ತೆ ಮೊದಲಿಂದ ಹಾಕಿದಳು. ಆಗಲೂ ಅಲುಗಲಿಲ್ಲ. ಮೂರನೆಯ ಸಲ ಹಾಕಿದಳು. ಈ ಸಲ ಕಣ್ಣನ್ನು ಪರದೆಗೆ ಇನ್ನೂ ಹತ್ತಿರ ಒಯ್ದು, ತುಟಿ ಅಲುಗಿಸುತ್ತ ನೋಡಿದಳು. ತನ್ನ ಹಳೆಯ ದಿನಗಳನ್ನು ನೆನೆದು ಏನೋ ಹೇಳಿಕೊಳ್ಳುತ್ತಿದ್ದಾಳೆ ಎಂದು ರಾಯರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ನಿರ್ಮಾಪಕರು ಈ ಸಲ ಫೋನು ಮಾಡಲಿಲ್ಲ, ತಾವೇ ಮೆಟ್ಟಿಲು ಹತ್ತಿ ಬಂದರು. "ಒಂದಲ್ಲ, ಸತತ ಮೂರು ಸಲ. ಇಂಥ ಗೆರೆ ನಾನು ಈವರೆಗೆ ನೋಡಿಲ್ಲ ರಾಯರೇ. ನಂದೇ ತಪ್ಪು." ಬೆಂಚು ಹಾಗೆಯೇ ಉಳಿಯುತ್ತದೆ ಎಂದರು. ಅಷ್ಟಕ್ಕೇ ನಿಲ್ಲದೆ, ಚಿತ್ರದ ಮುಖಚಿತ್ರವೂ ಅದೇ, ಆ ತುದಿಯಿಂದ ಈ ತುದಿಯತನಕ ಎಲ್ಲೂ ಕತ್ತರಿಸದೆ ಈಗಷ್ಟೇ ಎಲ್ಲರ ಫೋನಿಗೂ ಬಿಟ್ಟು ಬಂದಿದ್ದೇನೆ ಎಂದು ರಾಯರ ಬೆನ್ನು ತಟ್ಟಿ ಇಳಿದುಹೋದರು.

ರಾಯರ ಕಣ್ಣಲ್ಲಿ ನೀರೇ ಬಂತು. ಇಡೀ ದಿನ ಊರೆಲ್ಲ ಅಲೆದದ್ದು, ಕೊನೆಗೆ ಕೈಹಿಡಿದವಳು ಮನೆಯವಳೇ. ಅವರು ಹೆಂಡತಿಯ ಎದುರು ನಿಂತು, ಈ ಸಲ ಬಾಯಿಮಾತಿಗಲ್ಲ, ಮನಸಾರೆ ಹೇಳಿದರು.

"ದೊಡ್ಡ ಉಪಕಾರ ಆಯ್ತು ಕಣೇ. ಮೂರು ಸಲ ನೋಡ್ದೆಯಲ್ಲ, ಅಷ್ಟು ಹಿಡಿಸ್ತಾ?"

"ಹಿಡಿಸ್ತು ರೀ. ಚೆನ್ನಾಗಿದೆ," ಎಂದಳು ಆಕೆ. "ಮೊದಲನೇ ಸಲ ಅವರಿಬ್ರನ್ನ ನೋಡ್ದೆ. ಎರಡನೇ ಸಲ ನಿಮ್ಮನ್ನ ನೋಡ್ದೆ. ಮೂರನೇ ಸಲ ಎಣಿಸ್ದೆ."

ರಾಯರಿಗೆ ಅರ್ಥವಾಗಲಿಲ್ಲ. ಆಕೆ ದೃಶ್ಯವನ್ನು ನಿಲ್ಲಿಸಿ, ಪರದೆಯ ಎಡ ಅಂಚಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದಳು. ಹುಡುಗ ಪಕ್ಕಕ್ಕೆ ಸರಿದ. ಬೆಂಚು ಸರಿಯಿತು. ಅದರ ಹಿಂದೆ ಒಂದು ದೀಪದ ಕಂಬ, ಕಂಬದ ಪಕ್ಕ ಐಸ್‌ಕ್ರೀಮಿನ ಗಾಡಿ, ಗಾಡಿಯ ಮುಂದೆ ಕಂಬದ ಮರೆಯಲ್ಲಿ ಅರ್ಧ ಅಡಗಿ ನಿಂತ ಒಬ್ಬ ಮನುಷ್ಯ. ಹಸಿರು ಚೌಕಳಿ ಅಂಗಿ, ಎರಡೂ ಕೈಯಲ್ಲಿ ಒಂದೊಂದು ಐಸ್‌ಕ್ರೀಮು. ಮಡಚಿದ ತೋಳಿನ ಒಳಗೆ, ರಕ್ತ ತೆಗೆದ ಜಾಗಕ್ಕೆ ಅಂಟಿಸಿದ ಹತ್ತಿಯ ತುಣುಕು.

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಿತ್ತು. ಬೇಸಿಗೆಯ ಆ ಬೆಳಿಗ್ಗೆ ಮೊದಲ ರಕ್ತ ಕೊಟ್ಟು, ಹೆಂಡತಿಯ ಡಬ್ಬಿ ಖಾಲಿ ಮಾಡಿ, ಎರಡನೆಯದಕ್ಕೆ ಇನ್ನೂ ಎರಡು ಗಂಟೆಯಿದೆಯೆಂದು ರಾಯರು ಪಕ್ಕದ ಬೀದಿಯಲ್ಲೇ ನಡೆಯುತ್ತಿದ್ದ ಚಿತ್ರೀಕರಣ ನೋಡಲು ಹೋಗಿದ್ದರು. ಕ್ಯಾಮೆರಾದವನು ಕಂಬದ ಹಿಂದೆ ನಿಲ್ಲಿ, ಅಲ್ಲಿತನಕ ಕಾಣುವುದಿಲ್ಲ ಎಂದಿದ್ದ. ಎರಡು ಸಾವಿರ ಸಲ ಆ ದೃಶ್ಯ ನೋಡಿದ್ದರೂ ರಾಯರು ಹುಡುಗಿಯ ರೆಪ್ಪೆ ಬಿಟ್ಟು ಕಂಬದ ಕಡೆ ಕಣ್ಣು ಹಾಯಿಸಿರಲಿಲ್ಲ. ಮನೆಯಲ್ಲಿ ಮಾತ್ರ, ಎರಡು ಗಂಟೆಯೂ ಲ್ಯಾಬಿನ ಕುರ್ಚಿಯಲ್ಲೇ ಕೂತಿದ್ದೆ ಎಂದು ಹೇಳಿದ್ದರು. ನಿರ್ಮಾಪಕರು ಬೆಳಿಗ್ಗೆ ಹೇಳಿದಂತೆ ಎಡಬಲ ಕತ್ತರಿಸಿದ್ದರೆ ಕಂಬ, ಗಾಡಿ, ಐಸ್‌ಕ್ರೀಮು ಎಲ್ಲವೂ ಹತ್ತೂವರೆಗೇ ಕಸದ ಬುಟ್ಟಿ ಸೇರಿರುತ್ತಿದ್ದವು. ಇಡೀ ದಿನ ಬೆವರು ಸುರಿಸಿ ಅದನ್ನು ಉಳಿಸಿದವರು ಅವರೇ.

"ಎರಡೇ ಎರಡು," ಎಂದರು ರಾಯರು ಸಣ್ಣ ದನಿಯಲ್ಲಿ.

"ಮೂರು. ಮೊದಲನೇದು ಹುಡುಗಿ ಬರೋದ್ರೊಳಗೇ ಮುಗಿದಿತ್ತು," ಎಂದಳು ಆಕೆ. "ನನ್ನ ತಿಂಡಿಯಿಂದ ಸಕ್ಕರೆ ಏರ್ತು ಅಂತ ಮೂರು ತಿಂಗಳು ಅತ್ತಿದೀನಿ."

ರಾಯರು ಬಾಗಿಲ ಕಡೆ ಓಡಿದರು. ಮೆಟ್ಟಿಲ ಮೇಲಿಂದಲೇ ನಿರ್ಮಾಪಕರನ್ನು ಕೂಗಿ, ನೀವು ಹೇಳಿದ್ದೇ ಸರಿ, ಈಗಲೇ ಎಡಬಲ ಕತ್ತರಿಸಿ ದೃಶ್ಯವನ್ನು ನಿಂತ ಪರದೆಗೆ ಹೊಂದಿಸಿಬಿಡುತ್ತೇನೆ ಎಂದು ಅಂಗಲಾಚಿದರು. ನಿಮ್ಮ ದೊಡ್ಡತನ ಅದು, ಆದರೆ ನನ್ನ ಕಣ್ಣು ತೆರೆಸಿದವರೇ ನೀವು, ಇನ್ನು ನೀವೇ ಬಂದು ಬೇಡಿದರೂ ಒಂದಂಗುಲ ಕತ್ತರಿಸಲು ಬಿಡುವುದಿಲ್ಲ ಎಂದು ಅವರು ಕೆಳಗಿನಿಂದ ಕೈಮುಗಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಅಷ್ಟು ಹೊತ್ತಿಗೆ ಮುಖಚಿತ್ರ ನೆಲಮಹಡಿಯನ್ನೂ ತಲುಪಿತ್ತು. ಟೈಲರಮ್ಮ ಫೋನು ಹಿಡಿದು ಅಂಗಡಿಯಿಂದ ಓಡೋಡಿ ಹೊರಗೆ ಬಂದಳು. ಆಕೆಯ ಎರಡು ಬೆರಳು ಆಗಲೇ ತಮ್ಮ ಕೆಲಸ ಮುಗಿಸಿದ್ದವು. ಕಂಬದ ಹತ್ತಿರದ ಹಸಿರು ಅಂಗಿಯ ತೋಳು ನನ್ನ ಕೈ ಹೊಲಿಗೆ, ಕೂಡು ಎಷ್ಟು ನೇರ ಕೂತಿದೆ ನೋಡಿ ಎಂದು ಹೆಮ್ಮೆಯಿಂದ ಸಲೂನಿನವನಿಗೂ ಮೇಷ್ಟ್ರಿಗೂ ತೋರಿಸಿದಳು. ಮೇಷ್ಟ್ರು ಆಯುಷ್ಯದ ಚಿಂತೆ ಬಿಟ್ಟು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

ಟೈಲರಮ್ಮನ ಅಂಗಡಿಯ ಮುಂದೆ ಗಿರಾಕಿಗಳು ಕಾಯಲೆಂದು ಒಂದು ಉದ್ದ ಬೆಂಚು ಹಾಕಿತ್ತು. ರಾಯರ ಹೆಂಡತಿ ಡಬ್ಬಿ ಹಿಡಿದು ಕೆಳಗಿಳಿದು ಬಂದು ಅದರ ತುದಿಯಲ್ಲಿ ಕೂತು, ಟೀ ತರಿಸಿಕೊಂಡು, ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿ, ಸ್ವಲ್ಪ ಯೋಚಿಸಿ ಮೂರನೆಯದನ್ನೂ ಹಾಕಿಸಿದಳು. ಮೊದಲ ಗುಟುಕಿಗೆ ಆಕೆಯ ಕಣ್ಣು ತಾನಾಗಿ ಮುಚ್ಚಿತು. ಆ ಮುಖದ ಮೇಲಿನ ತೃಪ್ತಿಯನ್ನು ನೋಡಿ ರಾಯರಿಗೆ, ಸಿಕ್ಕಿಬಿದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಆಕೆಯ ಪಕ್ಕ ಕೂರುವ ಧೈರ್ಯ ಮಾತ್ರ ಬರಲಿಲ್ಲ. ಅವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನಡುವೆ ಊಟದ ಡಬ್ಬಿ.

ಆಕೆ ಅರ್ಧ ಕಪ್ಪು ಟೀ ಕುಡಿದಳು. ಆಮೇಲೆ ಆಕೆ ಎದುರಿನ ರಸ್ತೆಯನ್ನೇ ನೋಡುತ್ತ ಡಬ್ಬಿಯನ್ನು ಒಂದು ಗೇಣು ಅವರ ಕಡೆ ಸರಿಸಿದಳು. ರಾಯರು ಮುಚ್ಚಳ ತೆಗೆದರು. ಒಳಗೆ ಬೇಯಿಸಿದ ತರಕಾರಿ, ಎಂದಿಗಿಂತಲೂ ಸಪ್ಪೆ. ಅವರು ಒಂದು ತುತ್ತು ಬಾಯಿಗಿಟ್ಟು, ಅಷ್ಟು ಸಿಟ್ಟಿನಲ್ಲೂ ಡಬ್ಬಿಯನ್ನು ತನ್ನ ಹತ್ತಿರವೇ ಇಟ್ಟುಕೊಳ್ಳದ ಆ ಕೈಗೆ ಮನಸ್ಸಿನಲ್ಲೇ ನೂರು ಸಲ ಉಪಕಾರ ಹೇಳಿದರು.

ಟೈಲರಮ್ಮ, ಸಲೂನಿನವನು, ಮೇಷ್ಟ್ರು ಮೂವರೂ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಇದನ್ನೊಂದು ಫೋಟೋ ಹಿಡಿಯಬೇಕೆಂದು ಫೋನೆತ್ತಿದಳು. ಫೋನು ಉದ್ದಕ್ಕೆ ನಿಂತಿತ್ತು. ಅದರಲ್ಲಿ ಹೆಂಡತಿ ಬಂದರೆ ರಾಯರಿಲ್ಲ, ರಾಯರು ಬಂದರೆ ಹೆಂಡತಿ ಇಲ್ಲ.

"ಸರ್, ಸ್ವಲ್ಪ ಅಕ್ಕನ ಕಡೆ ಸರ್ಕೊಳ್ಳಿ. ಇಬ್ರೂ ಹಿಡಿಸ್ತಿಲ್ಲ," ಎಂದಳು.

ರಾಯರು ಆಸೆಯಿಂದ ಅರ್ಧ ಎದ್ದರು.

"ಬೇಡ," ಎಂದಳು ಹೆಂಡತಿ, ಕಪ್ಪಿನ ತಳದ ಸಕ್ಕರೆಯನ್ನು ಬೆರಳಲ್ಲಿ ತೆಗೆಯುತ್ತ. "ಪ್ರೇಮ ಇರೋದು ನಡುವಿನ ಜಾಗದಲ್ಲಂತೆ, ಇವ್ರೇ ಹೇಳಿದ್ದು. ಇನ್ನು ಆರು ತಿಂಗಳು ಅಲ್ಲೇ ಇರ್ಲಿ."